ಲಾರಿಯ ಆಯಿಲ್, ಕಾರಿನ ಎಂಜಿನ್

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಹೊರಟರೆ ಊರು ಮುಗಿಯುವ ಹೊತ್ತಿಗೆ ಕಪನೂರ ಕೈಗಾರಿಕಾ ಪ್ರದೇಶ ಸಿಗುತ್ತದೆ. ದಾಲ್ ಮಿಲ್‌ಗಳು, ಮಿಲ್ಲಿನ ಮುಂದೆ ತೊಗರಿ ಚೀಲ ಹೊತ್ತು ಸರದಿ ಕಾಯುವ ಲಾರಿಗಳು, ಆ ಲಾರಿಗಳನ್ನೇ ನೆಚ್ಚಿಕೊಂಡ ಗ್ಯಾರೇಜು, ಟಯರ್ ಅಂಗಡಿ, ಆಯಿಲ್ ಅಂಗಡಿಗಳು. ಇಂಥ ಕಡೆ ಆಯಿಲ್ ವ್ಯಾಪಾರ ನಡೆಯುವುದು ಲಾರಿ, ಟ್ರ್ಯಾಕ್ಟರುಗಳ ಲೆಕ್ಕದಲ್ಲಿ. 15ಡಬ್ಲ್ಯೂ-40 ಡೀಸೆಲ್ ಎಂಜಿನ್ ಆಯಿಲ್ 20 ಲೀಟರಿನ ಬಕೆಟ್ಟಿನಲ್ಲಿ, 210 ಲೀಟರಿನ ಬ್ಯಾರಲ್‌ನಲ್ಲಿ ಬಂದಿಳಿಯುತ್ತದೆ. ಅದೇ ಗ್ಯಾರೇಜಿಗೆ ಪೆಟ್ರೋಲ್ ಕಾರೊಂದು ಆಯಿಲ್ ಬದಲಿಸಲು ಬಂದರೆ ಮಿಸ್ತ್ರಿಯ ಕೈ ಸಹಜವಾಗಿ ಆ ಬಕೆಟ್ಟಿನ ಕಡೆಗೇ ಹೋಗುತ್ತದೆ. "ಇದೇ ಹಾಕ್ತೀನ್ರಿ ಸರ, ಡೀಸೆಲ್ ಆಯಿಲ್ ಗಟ್ಟಿ ಇರ್ತದ, ಎಂಜಿನ್ ಭಾಳ ದಿನ ಬಾಳ್ತದ" ಎನ್ನುವ ಮಾತು ಇಲ್ಲಿ ಯಾರಿಗೂ ಹೊಸದಲ್ಲ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕೇಳಿದರೆ ಇದಕ್ಕೆ ತದ್ವಿರುದ್ಧ ಉತ್ತರ: ಡೀಸೆಲ್ ಆಯಿಲ್ ಹಾಕಿದರೆ ಎಂಜಿನ್ ಕೆಡುತ್ತದೆ, ವಾರಂಟಿ ಹೋಗುತ್ತದೆ.

ಕಾರಿನ ಮಾಲೀಕ ಈ ಎರಡು ಮಾತಿನ ನಡುವೆ ನಿಲ್ಲುತ್ತಾನೆ. ಎರಡರಲ್ಲೂ ಸತ್ಯವಿದೆ. ಆದರೆ ಯಾವ ಎಂಜಿನ್, ಯಾವ ಇಸವಿಯ ಗಾಡಿ, ಯಾವ ಡೀಸೆಲ್ ಆಯಿಲ್ ಎಂದು ಕೇಳುವ ಮುಂಚೆಯೇ ಕೊಟ್ಟ ಉತ್ತರಗಳು ಅವು. ಆ ಮೂರು ಪ್ರಶ್ನೆ ಕೇಳಿಕೊಂಡರೆ ಒಂದು ಕಾರಿಗೆ ಧಾರಾಳವಾಗಿ ಹಾಕಬಹುದಾದ ಆಯಿಲನ್ನು ಪಕ್ಕದ ಕಾರಿಗೆ ಹಾಕಲೇಬಾರದು ಎಂಬುದು ತಿಳಿಯುತ್ತದೆ.

ಡೀಸೆಲ್ ಆಯಿಲ್ ಬೇರೆ ಎಂಬ ಕಲ್ಪನೆ ಹುಟ್ಟಿದ್ದೇ ಟ್ರ್ಯಾಕ್ಟರಿನಲ್ಲಿ. ಅಮೆರಿಕದ ಕ್ಯಾಟರ್‌ಪಿಲ್ಲರ್ ಕಂಪನಿ 1931ರಲ್ಲಿ ಡೀಸೆಲ್ ಟ್ರ್ಯಾಕ್ಟರು ಹೊರತಂದಿತು. ಆ ಕಾಲದ ಆಯಿಲ್ ಎಂದರೆ ಹೆಚ್ಚುಕಡಿಮೆ ಶುದ್ಧ ಮಾಡಿದ ಖನಿಜ ತೈಲವಷ್ಟೇ, ಅದರಲ್ಲಿ ಬೇರೆ ಮದ್ದು ಇರುತ್ತಿರಲಿಲ್ಲ. ಡೀಸೆಲ್ ಎಂಜಿನ್ನಿನ ಶಾಖಕ್ಕೆ ಅದು ಅಂಟಾಗಿ, ಪಿಸ್ಟನ್ನಿನ ತೋಡಿನಲ್ಲಿ ಮಸಿಯ ಜೊತೆ ಸೇರಿ ಗಟ್ಟಿಯಾಗಿ ರಿಂಗುಗಳನ್ನು ಹಿಡಿದು ನಿಲ್ಲಿಸುತ್ತಿತ್ತು. ರಿಂಗ್ ಅಲುಗದಿದ್ದರೆ ಕಂಪ್ರೆಷನ್ ಹೋಯಿತು, ಎಂಜಿನ್ ಮಲಗಿತು. ಈ ರೋಗಕ್ಕೆ ಔಷಧಿಯಾಗಿ ಕೊಳೆ ತೊಳೆಯುವ ಡಿಟರ್ಜೆಂಟ್ ಬೆರೆಸಿದ ಆಯಿಲ್ ತಯಾರಾಯಿತು. ಕ್ಯಾಲಿಫೋರ್ನಿಯಾದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ 1935ರಲ್ಲಿ ಡೆಲೊ ಎಂಬ ಹೆಸರಿನಲ್ಲಿ ಮಾರಿದ್ದು ಅಂಥದ್ದನ್ನೇ. ಪೆಟ್ರೋಲ್ ಎಂಜಿನ್ನಿಗೆ ಡಿಟರ್ಜೆಂಟ್ ಬಂದದ್ದು ಆಮೇಲೆ. ಆ ದಿನಗಳಲ್ಲಿ ಡೀಸೆಲ್ ಆಯಿಲನ್ನು ಪೆಟ್ರೋಲ್ ಕಾರಿಗೆ ಹಾಕಿದವರು ಎಂಜಿನ್ನಿಗೆ ಉಪಕಾರವನ್ನೇ ಮಾಡಿದ್ದರು. ಗ್ಯಾರೇಜುಗಳಲ್ಲಿ ಉಸ್ತಾದನಿಂದ ಶಿಷ್ಯನಿಗೆ ಇಳಿದು ಬಂದ ನಂಬಿಕೆಯ ಬೇರು ಅಷ್ಟು ಹಳೆಯದು. ಅದನ್ನು ಅಜ್ಞಾನ ಎಂದು ತಳ್ಳಿಹಾಕುವುದು ತಪ್ಪು.

ಮುಂದೆ 1970ರ ಸುಮಾರಿಗೆ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್, ಅಂದರೆ ಎಪಿಐ, ಇಂದು ನಾವು ಡಬ್ಬಿಯ ಮೇಲೆ ಕಾಣುವ ಅಕ್ಷರಗಳ ಪದ್ಧತಿಯನ್ನು ತಂದಿತು. 'ಎಸ್' ಅಕ್ಷರದಿಂದ ಶುರುವಾಗುವುದು ಪೆಟ್ರೋಲಿಗೆ, 'ಸಿ' ಅಕ್ಷರದಿಂದ ಶುರುವಾಗುವುದು ಡೀಸೆಲ್ಲಿಗೆ. ಎರಡನೆಯ ಅಕ್ಷರ ವರ್ಣಮಾಲೆಯಲ್ಲಿ ಮುಂದೆ ಹೋದಷ್ಟೂ ಆಯಿಲ್ ಹೊಸ ಕಾಲದ್ದು. ಪೆಟ್ರೋಲ್ ಸಾಲಿನಲ್ಲಿ ಎಸ್‌ಎಲ್ 2001ರದ್ದು, ಎಸ್‌ಎಂ 2004ರದ್ದು, ಎಸ್‌ಎನ್ 2010ರದ್ದು, ಎಸ್‌ಪಿ 2020ರದ್ದು. 2025ರಲ್ಲಿ ಎಸ್‌ಕ್ಯೂ ಬಂದಿದೆ. ಡೀಸೆಲ್ ಸಾಲಿನಲ್ಲಿ ಸಿಎಫ್-4 ಬಂದದ್ದು 1990ರಲ್ಲಿ, ಸಿಎಚ್-4 1998ರಲ್ಲಿ, ಸಿಐ-4 2002ರಲ್ಲಿ, ಸಿಕೆ-4 2016ರ ಕೊನೆಯಲ್ಲಿ. ಪ್ರತಿ ದರ್ಜೆಯ ಹಿಂದೆಯೂ ನಿಜವಾದ ಎಂಜಿನ್‌ಗಳನ್ನು ಗಂಟೆಗಟ್ಟಲೆ ಓಡಿಸಿ, ಬಿಚ್ಚಿ, ಸವೆತ ಅಳೆಯುವ ಪರೀಕ್ಷೆಗಳಿವೆ. ಎಸ್ ದರ್ಜೆಗೆ ಕಾರಿನ ಎಂಜಿನ್‌ಗಳಲ್ಲಿ, ಸಿ ದರ್ಜೆಗೆ ಮ್ಯಾಕ್, ಕಮಿನ್ಸ್, ಕ್ಯಾಟರ್‌ಪಿಲ್ಲರ್‌ಗಳಂಥ ದೊಡ್ಡ ಎಂಜಿನ್‌ಗಳಲ್ಲಿ. ಒಂದು ಸಾಲಿನಲ್ಲಿ ಪಾಸಾದದ್ದು ಇನ್ನೊಂದರಲ್ಲಿ ಪರೀಕ್ಷೆಗೇ ಕೂತಿರಲಿಕ್ಕಿಲ್ಲ. ನಮ್ಮ ಚರ್ಚೆಯ ಮುಕ್ಕಾಲು ಪಾಲು ಇದರಲ್ಲೇ ಇದೆ.

ಹಾಗಾದರೆ ಲಾರಿಯ ಆಯಿಲ್‌ನಲ್ಲಿ ಹೆಚ್ಚಿಗೆ ಏನಿರುತ್ತದೆ? ಮುಖ್ಯವಾಗಿ ಮೂರು ಸಂಗತಿ. ಡೀಸೆಲ್ ಉರಿದಾಗ ಮಸಿ ಹುಟ್ಟುತ್ತದೆ, ಅದರ ಒಂದಂಶ ರಿಂಗ್ ದಾಟಿ ಆಯಿಲಿಗೆ ಇಳಿಯುತ್ತದೆ. ಅಂಬಲಿಗೆ ಜೋಳದ ಹಿಟ್ಟು ಕಲಸುವಾಗ ಕೈಯಾಡಿಸದಿದ್ದರೆ ಗಂಟಾಗುವಂತೆ ಈ ಮಸಿಯೂ ಗಂಟು ಕಟ್ಟುತ್ತದೆ. ಗಂಟಾಗದೆ ಕಣಕಣವಾಗಿ ತೇಲುತ್ತಲೇ ಇರುವಂತೆ ಮಾಡುವ ಡಿಸ್ಪರ್ಸೆಂಟ್ ಮದ್ದು ಡೀಸೆಲ್ ಆಯಿಲ್‌ನಲ್ಲಿ ಜಾಸ್ತಿ. ಎರಡನೆಯದು, ಕ್ಯಾಲ್ಸಿಯಂ ಅಥವಾ ಮ್ಯಾಗ್ನೀಸಿಯಂನಿಂದ ಮಾಡಿದ ಡಿಟರ್ಜೆಂಟ್. ಇದು ಕೊಳೆ ತೊಳೆಯುವುದರ ಜೊತೆಗೆ ಇಂಧನದ ಗಂಧಕದಿಂದ ಹುಟ್ಟುವ ಆಮ್ಲವನ್ನು ಕೊಲ್ಲುತ್ತದೆ. ಆಮ್ಲ ಕೊಲ್ಲುವ ಈ ಶಕ್ತಿಯನ್ನು ಟಿಬಿಎನ್ ಎಂಬ ಅಂಕಿಯಲ್ಲಿ ಅಳೆಯುತ್ತಾರೆ. ಸಿಐ-4 ಆಯಿಲ್‌ನಲ್ಲಿ ಅದು ಸಾಮಾನ್ಯವಾಗಿ 10ರಿಂದ 12, ಕಾರಿನ ಎಸ್‌ಪಿ ಆಯಿಲ್‌ನಲ್ಲಿ 7-8ರ ಆಸುಪಾಸು. ಮೂರನೆಯದು ಜಿಂಕ್ ಮತ್ತು ರಂಜಕ ಸೇರಿದ, ಜಡ್‌ಡಿಡಿಪಿ ಎಂಬ ಸವೆತ ತಡೆಯುವ ಮದ್ದು. ಲೋಹ ಲೋಹಕ್ಕೆ ಉಜ್ಜುವ ಜಾಗದಲ್ಲಿ ಅದು ಗಾಜಿನಂಥ ತೆಳು ಪದರ ಕಟ್ಟುತ್ತದೆ, ಸವೆಯುವುದು ಆ ಪದರ, ಒಳಗಿನ ಉಕ್ಕು ಉಳಿಯುತ್ತದೆ.

ಈ ಪಟ್ಟಿ ಓದಿದವರಿಗೆ ಮೂರೂ ಒಳ್ಳೆಯವೇ ಅನ್ನಿಸುತ್ತದೆ. ಜಾಸ್ತಿ ತೊಳೆಯುತ್ತದೆ, ಜಾಸ್ತಿ ಆಮ್ಲ ತಡೆಯುತ್ತದೆ, ಜಾಸ್ತಿ ಕಾಪಾಡುತ್ತದೆ. ಮಿಸ್ತ್ರಿ ಹೇಳುವುದೂ ಇದನ್ನೇ. ಆದರೆ ಪೆಟ್ರೋಲ್ ಎಂಜಿನ್ನಿನಲ್ಲಿ ಆ ಪ್ರಮಾಣದ ಮಸಿ ಇಲ್ಲ. ಗಂಧಕವಂತೂ ಈಗ ಡೀಸೆಲ್ಲಿನಲ್ಲೇ ಇಲ್ಲದಂತಾಗಿದೆ. 1990ರ ದಶಕದ ಆರಂಭದಲ್ಲಿ ನಮ್ಮ ಡೀಸೆಲ್ಲಿನಲ್ಲಿ ಗಂಧಕದ ಮಿತಿ ಶೇ. 1, ಅಂದರೆ ದಶಲಕ್ಷಕ್ಕೆ 10,000 ಭಾಗ. ಭಾರತ್ ಸ್ಟೇಜ್ 4ರ ಇಂಧನ 2017ರ ಏಪ್ರಿಲ್ 1ರಿಂದ ದೇಶದ ತುಂಬ ಬಂದಾಗ ಅದು 50ಕ್ಕೆ ಇಳಿಯಿತು, 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6ರಲ್ಲಿ 10ಕ್ಕೆ. ಸಾವಿರಪಟ್ಟು ಇಳಿಕೆ. ಯಾವ ಶತ್ರುವಿಗಾಗಿ ಆಯಿಲ್‌ನಲ್ಲಿ ಅಷ್ಟೊಂದು ಡಿಟರ್ಜೆಂಟ್ ತುಂಬುತ್ತಿದ್ದರೋ ಆ ಶತ್ರು ಬಹುಪಾಲು ಬಂಕಿನ ಆಚೆಯೇ ಉಳಿದಿದೆ.

ಈಗ ತಕರಾರಿನ ನಡುಮಧ್ಯಕ್ಕೆ ಬರೋಣ: ರಂಜಕ ಮತ್ತು ಕ್ಯಾಟಲಿಟಿಕ್ ಕನ್ವರ್ಟರ್. ಕಾರಿನ ಸೈಲೆನ್ಸರ್ ಸಾಲಿನಲ್ಲಿ ಕೂತಿರುವ ಈ ಡಬ್ಬಿಯೊಳಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಲೇಪಿಸಿದ ಜೇನುಗೂಡಿನಾಕಾರದ ತುಂಡು ಇರುತ್ತದೆ. ಹೊಗೆಯ ವಿಷಾನಿಲ ಅಲ್ಲಿ ನಿರುಪದ್ರವಿಯಾಗುತ್ತದೆ. ನಮ್ಮಲ್ಲಿ ಇದು ಹೊಸ ಪೆಟ್ರೋಲ್ ಕಾರುಗಳಿಗೆ ಕಡ್ಡಾಯವಾದದ್ದು 1995ರ ಏಪ್ರಿಲ್‌ನಲ್ಲಿ, ಅದೂ ಮೊದಲು ನಾಲ್ಕು ಮಹಾನಗರಗಳಲ್ಲಿ ಮಾತ್ರ. ಸೀಸವಿಲ್ಲದ ಪೆಟ್ರೋಲ್ ದೇಶದ ಎಲ್ಲ ಬಂಕುಗಳಿಗೆ ತಲುಪಿದ್ದು 2000ದ ಫೆಬ್ರವರಿಯಲ್ಲಿ. ಎಂಜಿನ್ ಸುಟ್ಟ ಆಯಿಲ್‌ನ ರಂಜಕ ಈ ಲೇಪನದ ಮೇಲೆ ಕೂತು ಅದನ್ನು ನಿಧಾನವಾಗಿ ಮುಚ್ಚಿಬಿಡುತ್ತದೆ. ಆಕ್ಸಿಜನ್ ಸೆನ್ಸರಿಗೂ ಅದೇ ಗತಿ. ಹಾಗಾಗಿ ಎಸ್‌ಎಂ ದರ್ಜೆಯಿಂದ ಈಚೆಗೆ 0ಡಬ್ಲ್ಯೂ-20, 5ಡಬ್ಲ್ಯೂ-30ರಂಥ ತೆಳು ಆಯಿಲ್‌ಗಳಲ್ಲಿ ರಂಜಕ ಶೇ. 0.08 ದಾಟಬಾರದು, ಸವೆತದ ಕಾವಲಿಗಾಗಿ ಶೇ. 0.06ಕ್ಕಿಂತ ಕೆಳಗೂ ಇಳಿಯಬಾರದು ಎಂದು ನಿಯಮವಾಯಿತು. ಸಿಐ-4ಕ್ಕೆ ಅಂಥ ಮಿತಿ ಇಲ್ಲ. ಸಿಕೆ-4ಕ್ಕೆ ಶೇ. 0.12ರ ಮಿತಿ ಇದೆ.

ಇಲ್ಲಿ ಒಂದು ಲೆಕ್ಕ ಹಾಕಿ ನೋಡುವುದು ಒಳ್ಳೆಯದು, ಏಕೆಂದರೆ ಶೇಕಡಾವಾರು ಅಂಕಿ ಎರಡೂ ಕಡೆಯವರನ್ನು ದಾರಿ ತಪ್ಪಿಸುತ್ತದೆ. ಒಂದು ಲೀಟರ್ ಆಯಿಲ್ ಸುಮಾರು 870 ಗ್ರಾಂ ತೂಗುತ್ತದೆ. ಶೇ. 0.12ರ ಆಯಿಲ್‌ನ ಲೀಟರಿನಲ್ಲಿ ರಂಜಕ ಒಂದು ಗ್ರಾಂಗಿಂತ ತುಸು ಮೇಲೆ, ಶೇ. 0.08ರದ್ದರಲ್ಲಿ 0.7 ಗ್ರಾಂ. ಕನ್ವರ್ಟರಿಗೆ ತಲುಪುವುದು ಡಬ್ಬಿಯಲ್ಲಿದ್ದ ಅಷ್ಟೂ ರಂಜಕವಲ್ಲ, ಎಂಜಿನ್ ಸುಟ್ಟ ಆಯಿಲ್‌ನದ್ದು. ಚೆನ್ನಾಗಿರುವ ಎಂಜಿನ್ 5,000 ಕಿ.ಮೀ.ಗೆ 100 ಮಿ.ಲೀ. ಆಯಿಲ್ ತಿನ್ನುತ್ತದೆ ಎಂದಿಟ್ಟುಕೊಳ್ಳಿ. ಒಂದು ಲಕ್ಷ ಕಿ.ಮೀ.ಗೆ ಎರಡು ಲೀಟರ್. ಡೀಸೆಲ್ ಆಯಿಲ್ ಆದರೆ ಎರಡು ಗ್ರಾಂ ಚಿಲ್ಲರೆ ರಂಜಕ, ಪೆಟ್ರೋಲ್ ಆಯಿಲ್ ಆದರೆ ಒಂದೂವರೆ ಗ್ರಾಂಗಿಂತ ಕಡಿಮೆ. ಇನ್ನೊಂದು ಎಂಜಿನ್ ರಿಂಗ್ ಸವೆದು, ಸಾವಿರ ಕಿ.ಮೀ.ಗೆ ಒಂದು ಲೀಟರ್ ಕುಡಿಯುತ್ತಿದೆ ಎನ್ನಿ. ಅದಕ್ಕೆ ಅತ್ಯುತ್ತಮ ಪೆಟ್ರೋಲ್ ಆಯಿಲ್ ಹಾಕಿದರೂ ಲಕ್ಷ ಕಿ.ಮೀ.ಗೆ 70 ಗ್ರಾಂ ರಂಜಕ ಸುಟ್ಟು ಹೊರಹೋಗುತ್ತದೆ. ಡೀಸೆಲ್ ಆಯಿಲ್ ಆದರೆ ನೂರು ಗ್ರಾಂ ದಾಟುತ್ತದೆ. ಸುಟ್ಟ ರಂಜಕವೆಲ್ಲ ಲೇಪನದ ಮೇಲೇ ಕೂರುವುದಿಲ್ಲ, ನಿಜ. ಆದರೂ ಕನ್ವರ್ಟರನ್ನು ಕೊಲ್ಲುವುದರಲ್ಲಿ ಆಯಿಲ್‌ನ ಜಾತಿಗಿಂತ ರಿಂಗಿನ ಸವೆತದ ಪಾತ್ರ ಎಷ್ಟೋ ಪಾಲು ದೊಡ್ಡದು ಎಂಬುದನ್ನು ಈ ಲೆಕ್ಕ ತೋರಿಸುತ್ತದೆ.

ಒಂದು ಸಲ ಡೀಸೆಲ್ ಆಯಿಲ್ ಹಾಕಿದ ಮಾತ್ರಕ್ಕೆ ಕನ್ವರ್ಟರ್ ಹಾಳಾಗುತ್ತದೆ ಎಂದು ಹೆದರಿಸುವವರ ಮಾತು ಹಾಗಾಗಿ ನಿಲ್ಲುವುದಿಲ್ಲ. ಆದರೆ ಗ್ಯಾರೇಜುಗಳಲ್ಲಿ ಡೀಸೆಲ್ ಆಯಿಲ್ ಹಾಕುವುದು ಹೆಚ್ಚಾಗಿ ಯಾವ ಕಾರಿಗೆ? ಹೊಗೆ ಬಿಡುವ, ಆಯಿಲ್ ತಿನ್ನುವ ಹಳೆ ಕಾರಿಗೆ. ಗಟ್ಟಿ ಆಯಿಲ್ ಹಾಕಿದರೆ ಹೊಗೆ ಕಡಿಮೆಯಾಗುತ್ತದೆ ಎಂಬುದು ಅದರ ಹಿಂದಿನ ಲೆಕ್ಕ. ಹೊಗೆ ಸ್ವಲ್ಪ ಕಡಿಮೆಯಾಗುವುದೂ ಹೌದು. ಆದರೆ ಅಂಥ ಕಾರಿನಲ್ಲೇ ರಂಜಕವೂ, ಆಯಿಲ್‌ನ ಮದ್ದು ಉರಿದು ಉಳಿಯುವ ಬೂದಿಯೂ ಹೆಚ್ಚು ಹರಿಯುವುದು. ಮಾಲೀಕನಿಗೆ ರಿಂಗ್ ಹಾಕಿಸಲು ದುಡ್ಡಿಲ್ಲ, ಗಾಡಿ ನಡೆಯಲೇಬೇಕು ಎಂಬ ಸಂದರ್ಭ ನನಗೆ ಅರ್ಥವಾಗುತ್ತದೆ. ಅವನು ಗಟ್ಟಿ ಆಯಿಲ್ ಹಾಕಿಸಿದರೆ ತಪ್ಪೆನ್ನಲಾರೆ. ಆದರೆ ಅದರಿಂದ ರೋಗ ವಾಸಿಯಾಯಿತು ಎಂದು ಮಿಸ್ತ್ರಿ ಹೇಳಕೂಡದು.

ಎರಡನೆಯ ವಿಷಯ ಮಂದ-ತೆಳುವಿನದು. ಡೀಸೆಲ್, ಪೆಟ್ರೋಲ್ ಎಂಬ ಜಗಳಕ್ಕಿಂತ ನನ್ನ ಮಟ್ಟಿಗೆ ಇದೇ ಹೆಚ್ಚು ತೂಕದ್ದು. 15ಡಬ್ಲ್ಯೂ-40ರಲ್ಲಿ ಮೊದಲ ಅಂಕಿ ಚಳಿಯಲ್ಲಿ ಎಂಜಿನ್ ತಿರುಗುವುದಕ್ಕೆ ಸಂಬಂಧಿಸಿದ್ದು. 15ಡಬ್ಲ್ಯೂ ಆಯಿಲನ್ನು ಆ ಪರೀಕ್ಷೆಗೆ ಒಡ್ಡುವುದು ಸೊನ್ನೆಗಿಂತ 20 ಡಿಗ್ರಿ ಕೆಳಗೆ. ಕಲಬುರಗಿಯ ಜನವರಿಯ ಬೆಳಗಿನಲ್ಲೂ ಅಂಥ ಚಳಿಯ ಪ್ರಶ್ನೆ ಏಳುವುದಿಲ್ಲ. ಎರಡನೆಯ ಅಂಕಿ 100 ಡಿಗ್ರಿ ಶಾಖದಲ್ಲಿ ಆಯಿಲ್ ಎಷ್ಟು ಮಂದ ಉಳಿಯುತ್ತದೆ ಎಂಬುದರದ್ದು. ಆಗ 20ರ ಆಯಿಲ್ 6.9ರಿಂದ 9.3 ಸೆಂಟಿಸ್ಟೋಕ್ಸ್ ಒಳಗೆ, 40ರ ಆಯಿಲ್ 12.5ರಿಂದ 16.3ರ ಒಳಗೆ ಇರಬೇಕು. ಸುಮಾರು ಒಂದೂಮುಕ್ಕಾಲು ಪಟ್ಟು ಮಂದ.

"ನಮ್ಮ ಬಿಸಿಲಿಗೆ ಗಟ್ಟಿ ಆಯಿಲೇ ಬೇಕ್ರಿ" ಎಂಬುದು ಈ ಭಾಗದ ಸಾರ್ವತ್ರಿಕ ವಾದ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಿನವರು ಹೀಗೆಂದರೆ ಸುಲಭವಾಗಿ ತೆಗೆದುಹಾಕುವಂತಿಲ್ಲ. ಆದರೂ ಎಂಜಿನ್ನಿನ ಒಳಗಿನ ಶಾಖ ಹೊರಗಿನ ಬಿಸಿಲಿನಷ್ಟು ಏರಿಳಿಯುವುದಿಲ್ಲ. ಕೂಲಂಟನ್ನು 90 ಡಿಗ್ರಿಯ ಆಸುಪಾಸಿನಲ್ಲಿ ಹಿಡಿದಿಡುವುದೇ ಥರ್ಮೋಸ್ಟಾಟಿನ ಕೆಲಸ. ರೇಡಿಯೇಟರ್ ಸ್ವಚ್ಛವಾಗಿದ್ದು, ಫ್ಯಾನ್ ತಿರುಗುತ್ತಿದ್ದರೆ ಡಿಸೆಂಬರಿಗೂ ಮೇಗೂ ಎಂಜಿನ್ನಿನೊಳಗೆ ಆಗುವ ವ್ಯತ್ಯಾಸ ಹೊರಗಿನಷ್ಟಿಲ್ಲ. ಬಿಸಿಲಲ್ಲಿ ಎಸಿ ಹಾಕಿಕೊಂಡು, ಐದು ಜನ ಕೂತು, ಲಗೇಜು ಹೇರಿ ಹೆದ್ದಾರಿಯಲ್ಲಿ ನೂರರ ಮೇಲೆ ಹೊಡೆದರೆ ಆಯಿಲ್‌ನ ಶಾಖ ಏರುತ್ತದೆ, ಅದು ಬೇರೆ ಮಾತು. ಎಷ್ಟೋ ಹಳೆಯ ಕಾರುಗಳ ಮಾಲೀಕರ ಕೈಪಿಡಿಯಲ್ಲೇ ಸೆಕೆ ಪ್ರದೇಶಕ್ಕೆ 15ಡಬ್ಲ್ಯೂ-40 ಅಥವಾ 20ಡಬ್ಲ್ಯೂ-50 ಆಗಬಹುದು ಎಂಬ ಕೋಷ್ಟಕವಿದೆ. ಅಂಥ ಕೈಪಿಡಿ ಇದ್ದವರಿಗೆ ಮಿಸ್ತ್ರಿಯ ಮಾತು ಕಂಪನಿಯ ಮಾತೂ ಹೌದು.

ಹೊಸ ಎಂಜಿನ್ನುಗಳ ಕಥೆ ಬೇರೆ. ಇವುಗಳಲ್ಲಿ ಆಯಿಲ್ ಬರೀ ನುಣುಪಿಗಲ್ಲ. ವಾಲ್ವ್ ತೆರೆಯುವ ಸಮಯವನ್ನು ಹಿಂದೆಮುಂದೆ ಮಾಡುವ ವಿವಿಟಿ ವ್ಯವಸ್ಥೆ ಆಯಿಲ್‌ನ ಒತ್ತಡದಿಂದಲೇ ಕೆಲಸ ಮಾಡುತ್ತದೆ. ಅದರ ಸೊಲೆನಾಯ್ಡ್ ಮುಂದೆ ಬಟ್ಟೆಯಂಥ ಸಣ್ಣ ಜಾಲರಿ ಇದೆ, ಒಳಗೆ ಸೂಜಿಗಾತ್ರದ ದಾರಿಗಳಿವೆ. 0ಡಬ್ಲ್ಯೂ-20ಕ್ಕೆ ಅಳತೆ ಹಿಡಿದು ಮಾಡಿದ ದಾರಿಯಲ್ಲಿ 15ಡಬ್ಲ್ಯೂ-40 ತುಂಬಿದರೆ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ಕೇಳಿದ ಹೊತ್ತಿಗೆ ಒತ್ತಡ ತಲುಪುವುದಿಲ್ಲ. ಕೆಲವೊಮ್ಮೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪವೇ ಹತ್ತುತ್ತದೆ. ಮೈಲೇಜಿನ ಲೆಕ್ಕವೂ ಇದೆ. ಮಂದ ಆಯಿಲ್‌ನಿಂದ ಮೈಲೇಜು ಶೇ. 2 ಕಡಿಮೆಯಾಯಿತು ಎಂದಿಟ್ಟುಕೊಂಡರೂ, ಲೀಟರಿಗೆ 20 ಕಿ.ಮೀ. ಕೊಡುವ ಕಾರಿಗೆ 10,000 ಕಿ.ಮೀ.ನಲ್ಲಿ ಹತ್ತು ಲೀಟರ್ ಪೆಟ್ರೋಲ್ ಹೆಚ್ಚು ಬೇಕು, ಅಂದರೆ ಸಾವಿರ ರೂಪಾಯಿ. ಸಣ್ಣ ಕಾರಿಗೆ ಹಿಡಿಯುವ ಆಯಿಲೇ ಮೂರು, ಮೂರೂವರೆ ಲೀಟರ್. ಲೂಸ್ ಡೀಸೆಲ್ ಆಯಿಲ್ ಹಾಕಿ ಉಳಿಸಿದ ದುಡ್ಡನ್ನು ಪೆಟ್ರೋಲ್ ಬಂಕು ಸದ್ದಿಲ್ಲದೆ ವಸೂಲು ಮಾಡಿಕೊಳ್ಳುತ್ತದೆ. ಲಾರಿಗೆ ಹದಿನೈದಿಪ್ಪತ್ತು ಲೀಟರ್ ಸುರಿಯುವವರಿಗೆ ದೊಡ್ಡದಾಗಿ ಕಾಣುವ ಬೆಲೆಯ ಅಂತರ ಕಾರಿನವರಿಗೆ ಅಷ್ಟು ದೊಡ್ಡದೇ ಅಲ್ಲ.

ಮೂರನೆಯ ಅಪಾಯ ಇತ್ತೀಚಿನದು, ಗ್ಯಾರೇಜುಗಳಿಗೆ ಇನ್ನೂ ಸರಿಯಾಗಿ ಮುಟ್ಟಿಲ್ಲ. ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಗೇ ಚಿಮುಕಿಸುವ, ಟರ್ಬೊ ಇರುವ ಸಣ್ಣ ಎಂಜಿನ್‌ಗಳು ಈಗ ನಮ್ಮ ರಸ್ತೆಗಳಲ್ಲಿ ಸಾಮಾನ್ಯ. ಹ್ಯುಂಡೈ ವೆನ್ಯೂ 2019ರಲ್ಲಿ ತಂದ ಒಂದು ಲೀಟರಿನ ಟರ್ಬೊ, ಸ್ಕೋಡಾ-ಫೋಕ್ಸ್‌ವ್ಯಾಗನ್‌ಗಳ ಟಿಎಸ್‌ಐ, ಮಾರುತಿಯ ಬೂಸ್ಟರ್‌ಜೆಟ್ ಈ ಜಾತಿಯವು. ಕಡಿಮೆ ವೇಗದಲ್ಲಿ, ಮೇಲಿನ ಗೇರಿನಲ್ಲಿ ಎಕ್ಸಲರೇಟರ್ ಒತ್ತಿದಾಗ ಸಿಲಿಂಡರಿನ ಗೋಡೆಯ ಮೇಲಿನ ಆಯಿಲ್-ಪೆಟ್ರೋಲ್ ಮಿಶ್ರಣದ ಹನಿಯೊಂದು ಪ್ಲಗ್ಗಿನ ಕಿಡಿಗೂ ಮುಂಚೆ ತಾನೇ ಹೊತ್ತಿಕೊಂಡುಬಿಡುವುದುಂಟು. ಎಲ್‌ಎಸ್‌ಪಿಐ ಎಂದು ಇದರ ಹೆಸರು. ಏರುತ್ತಿರುವ ಪಿಸ್ಟನ್ನಿಗೆ ಸುತ್ತಿಗೆಯೇಟಿನಂಥ ಹೊಡೆತ ಬೀಳುತ್ತದೆ. ರಿಂಗಿನ ನಡುವಿನ ಪಿಸ್ಟನ್ ಅಂಚು ಮುರಿಯುವುದಕ್ಕೆ ಅಂಥ ಒಂದೆರಡು ಹೊಡೆತ ಸಾಕಾಗಬಹುದು. ಇದನ್ನು ಹೆಚ್ಚಿಸುವ ಮದ್ದುಗಳಲ್ಲಿ ಕ್ಯಾಲ್ಸಿಯಂ ಡಿಟರ್ಜೆಂಟ್ ಮೊದಲನೆಯದು ಎಂದು ಸಂಶೋಧನೆಯಿಂದ ಖಚಿತವಾಗಿದೆ. ಮ್ಯಾಗ್ನೀಸಿಯಂಗೆ ಆ ದೋಷ ಅಷ್ಟಿಲ್ಲ. 2018ರ ಎಸ್‌ಎನ್ ಪ್ಲಸ್, 2020ರ ಎಸ್‌ಪಿ ದರ್ಜೆಗಳು ಹುಟ್ಟಿದ್ದೇ ಬಹುಮಟ್ಟಿಗೆ ಈ ಕಾರಣಕ್ಕೆ. ಎಸ್‌ಪಿಯಲ್ಲಿ ಟೈಮಿಂಗ್ ಚೈನ್ ಸವೆತದ ಪರೀಕ್ಷೆಯೂ ಸೇರಿತು. ಕ್ಯಾಲ್ಸಿಯಂ ತುಂಬಿದ ಸಿಐ-4 ಆಯಿಲ್‌ಗೆ ಈ ಎರಡು ಪರೀಕ್ಷೆಯೂ ಇಲ್ಲ. ಲಾರಿಯ ಎಂಜಿನ್ನಿನಲ್ಲಿ ಕಾಪಾಡುವ ಗುಣವೇ ಇಲ್ಲಿ ಹೊಡೆತಕ್ಕೆ ಕಾರಣವಾಗುತ್ತದೆ. ಆದ್ದರಿಂದ ಡೈರೆಕ್ಟ್ ಇಂಜೆಕ್ಷನ್ ಟರ್ಬೊ ಪೆಟ್ರೋಲ್ ಕಾರಿಗೆ ಬಕೆಟ್ಟಿನ ಆಯಿಲ್ ಹಾಕುವುದನ್ನು ನಾನು ಯಾವ ಸಂದರ್ಭದಲ್ಲೂ ಒಪ್ಪುವುದಿಲ್ಲ.

ಎಥೆನಾಲ್ ಬೆರೆತ ಪೆಟ್ರೋಲಿನ ಮಾತನ್ನೂ ಇಲ್ಲೇ ಹೇಳಿಬಿಡಬೇಕು. ಶೇ. 20ರ ಮಿಶ್ರಣ ಈಗ ಮಾಮೂಲು. ಮನೆಯಿಂದ ಮಾರ್ಕೆಟ್ಟಿಗೆ, ಮಾರ್ಕೆಟ್ಟಿನಿಂದ ಮನೆಗೆ ಎಂದು ಎಂಜಿನ್ ಪೂರ್ತಿ ಬಿಸಿಯಾಗುವ ಮುಂಚೆಯೇ ನಿಲ್ಲಿಸುವ ಕಾರುಗಳಲ್ಲಿ ಎಥೆನಾಲೂ ನೀರೂ ಆಯಿಲ್‌ಗೆ ಇಳಿಯುತ್ತವೆ. ಆ ನೀರು ಬೇರ್ಪಟ್ಟು ತಳ ಹಿಡಿಯದಂತೆ ಆಯಿಲ್ ಅದನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುವ ಪರೀಕ್ಷೆ ಕಾರಿನ ಆಯಿಲ್‌ಗಳಿಗೆ 2010ರ ಐಎಲ್‌ಎಸ್‌ಎಸಿ ಜಿಎಫ್-5 ಮಾನದಂಡದಲ್ಲಿ ಬಂತು. ಲಾರಿಯ ಆಯಿಲ್‌ನಿಂದ ಅದನ್ನು ಯಾರೂ ಕೇಳುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಡೀಸೆಲ್ ಆಯಿಲ್ ನಿಜವಾಗಿ ಒಪ್ಪುವ ಪೆಟ್ರೋಲ್ ಎಂಜಿನ್‌ಗಳ ಮಾತು ಆಡಲೇಬೇಕು, ಯಾಕೆಂದರೆ ಅವೂ ನಮ್ಮ ನಡುವೆ ಇವೆ. ಅಂಬಾಸಿಡರಿನ ಹಳೆ ಪೆಟ್ರೋಲ್ ಎಂಜಿನ್, ಪ್ರೀಮಿಯರ್ ಪದ್ಮಿನಿ, ಹಳೆ ಕಾರ್ಬೊರೇಟರ್ ಗಾಡಿಗಳಲ್ಲಿ ಕನ್ವರ್ಟರ್ ಇಲ್ಲ, ಸೆನ್ಸರ್ ಇಲ್ಲ. ಅಂಬಾಸಿಡರ್, ಪದ್ಮಿನಿಗಳ ಪುಶ್‌ರಾಡ್ ಎಂಜಿನ್‌ನಲ್ಲಿ ಕ್ಯಾಮಿನ ಮೇಲೆ ಚಪ್ಪಟೆ ಟ್ಯಾಪೆಟ್ ಉಜ್ಜುತ್ತಲೇ ತಿರುಗುತ್ತದೆ. ಆ ಉಜ್ಜುವಿಕೆಗೆ ಜಿಂಕ್-ರಂಜಕದ ಪದರವೇ ರಕ್ಷೆ. ಇಂದಿನ ಎಸ್‌ಪಿ ದರ್ಜೆಯ 0ಡಬ್ಲ್ಯೂ-20 ಅಂಥ ಎಂಜಿನ್‌ಗೆ ತೀರಾ ತೆಳುವು, ಜಿಂಕೂ ಸಾಲದು. ಸಿಐ-4 ದರ್ಜೆಯ 15ಡಬ್ಲ್ಯೂ-40 ಇಲ್ಲಿ ಅನುಮಾನವಿಲ್ಲದೆ ಒಳ್ಳೆಯ ಆಯ್ಕೆ. ಒಂದೇ ಎಚ್ಚರಿಕೆ: ವರ್ಷಗಟ್ಟಲೆ ಕಳಪೆ ಆಯಿಲ್‌ನಲ್ಲಿ ಓಡಿ ಒಳಗೆ ಕೊಳೆ ಕಟ್ಟಿದ ಎಂಜಿನ್ನಿಗೆ ಜಾಸ್ತಿ ಡಿಟರ್ಜೆಂಟಿನ ಆಯಿಲ್ ಬಿದ್ದಾಗ ಕೊಳೆ ಕಿತ್ತುಕೊಂಡು ಬಂದು ಆಯಿಲ್ ಪಂಪಿನ ಜಾಲರಿಗೆ ಅಡರಬಹುದು. ಮೊದಲ ಸಲ ಬೇಗನೆ, ಒಂದೆರಡು ಸಾವಿರ ಕಿ.ಮೀ.ಗೇ, ಆಯಿಲೂ ಫಿಲ್ಟರೂ ಬದಲಿಸಿದರೆ ಆ ಭಯ ಬಹಳಷ್ಟು ಕಡಿಮೆಯಾಗುತ್ತದೆ. ಮಾರುತಿ 800 ಎರಡೂ ಕಾಲಕ್ಕೆ ಸೇರಿದ್ದು: 1983ರ ಡಿಸೆಂಬರಿನಲ್ಲಿ ಕಾರ್ಬೊರೇಟರ್ ಗಾಡಿಯಾಗಿ ಬಂದು, 2000ದ ಹೊತ್ತಿಗೆ ಇಂಜೆಕ್ಷನ್‌ಗೆ ಹೊರಳಿತು. ಹಾಗಾಗಿ 'ಮಾರುತಿಗೆ ಡೀಸೆಲ್ ಆಯಿಲ್ ನಡೀತದ' ಎಂಬ ಮಾತಿಗೂ ಇಸವಿ ಹಚ್ಚಿಯೇ ಉತ್ತರ ಹೇಳಬೇಕು.

ಮೋಟರ್‌ಸೈಕಲ್ಲಿನಲ್ಲಿ ಕ್ಲಚ್ಚೂ ಗೇರೂ ಬಹುತೇಕ ಒಂದೇ ಆಯಿಲ್‌ನಲ್ಲಿ ಮುಳುಗಿರುತ್ತವೆ, ಅಲ್ಲಿನ ನಿರ್ಧಾರ ಜಾಸೊ ಎಂಎ ಅಥವಾ ಎಂಎ2 ಎಂಬ ಗುರುತಿನದು. ಕೆಲವು ಡೀಸೆಲ್ ಆಯಿಲ್‌ಗಳಿಗೆ ಆ ಗುರುತು ಇದೆ, ಹೆಚ್ಚಿನವಕ್ಕೆ ಇಲ್ಲ. ಇದ್ದರೆ ಹಾಕಬಹುದು, ಇಲ್ಲದಿದ್ದರೆ ಬೇಡ.

ಹಾಗಾದರೆ ಡಬ್ಬಿಯನ್ನು ಓದುವುದು ಹೇಗೆ? ಮುಂಭಾಗದ ಲಾರಿಯ ಚಿತ್ರ ಬಿಟ್ಟು ಹಿಂದಿನ ಸಣ್ಣ ಅಕ್ಷರ ನೋಡಬೇಕು. ನಮ್ಮ ಅಂಗಡಿಗಳ 15ಡಬ್ಲ್ಯೂ-40 ಡಬ್ಬಿಗಳ ಮೇಲೆ 'ಎಪಿಐ ಸಿಐ-4 ಪ್ಲಸ್/ಎಸ್‌ಎಲ್' ಎಂಬಂಥ ಜೋಡಿ ಬರಹ ಸಾಮಾನ್ಯ. ಅಂದರೆ ಆ ಆಯಿಲ್ ಪೆಟ್ರೋಲ್ ಪರೀಕ್ಷೆಯನ್ನೂ ಪಾಸು ಮಾಡಿದೆ, ಆದರೆ 2001ರ ಪೆಟ್ರೋಲ್ ಪರೀಕ್ಷೆಯನ್ನು. ಕಾರಿನ ಕೈಪಿಡಿ ಎಸ್‌ಎಲ್ ಕೇಳಿ, 15ಡಬ್ಲ್ಯೂ-40 ಒಪ್ಪಿದ್ದರೆ ಈ ಡಬ್ಬಿ ನಿಶ್ಚಿಂತೆಯಿಂದ ನಡೆಯುತ್ತದೆ. ಎಸ್‌ಎನ್ ಕೇಳಿದ್ದರೆ ನಡೆಯುವುದಿಲ್ಲ. ಮೊದಲು ಬರೆದ ಅಕ್ಷರ ಸಾಮಾನ್ಯವಾಗಿ ಆಯಿಲ್ ಮುಖ್ಯವಾಗಿ ಯಾವ ಎಂಜಿನ್ನಿಗೆ ತಯಾರಾಯಿತು ಎಂಬುದನ್ನು ಹೇಳುತ್ತದೆ. 'ಸಿಎಫ್-4' ಮಾತ್ರ ಬರೆದು ಪಕ್ಕದಲ್ಲಿ ಎಸ್ ಅಕ್ಷರವೇ ಇಲ್ಲದ ಡಬ್ಬಿಯನ್ನು ಪೆಟ್ರೋಲ್ ಕಾರಿನವರು ಕೈಗೆತ್ತಿಕೊಳ್ಳುವುದೇ ಬೇಡ. ಆ ದರ್ಜೆಯನ್ನು ಎಪಿಐ ಯಾವತ್ತೋ ಕೈಬಿಟ್ಟಿದೆ. ಎಪಿಐಯ ದುಂಡನೆಯ ಮುದ್ರೆ ಇರುವುದಕ್ಕೂ, 'ಈ ದರ್ಜೆಗೆ ಸಮ' ಎಂದು ತಯಾರಕರೇ ಬರೆದುಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಮುದ್ರೆಗೆ ಪರವಾನಗಿ ಬೇಕು, ಬರಹಕ್ಕೆ ಬೇಡ.

ಯುರೋಪಿನವರ ಎಸಿಇಎ ಪದ್ಧತಿ ಈ ವಿಚಾರದಲ್ಲಿ ಹೆಚ್ಚು ನೇರ. ಅಲ್ಲಿ ಕಾರಿನ ಪೆಟ್ರೋಲ್, ಡೀಸೆಲ್ ಎರಡಕ್ಕೂ ಎ3/ಬಿ4ರಂಥ ಒಂದೇ ಜೋಡಿ ದರ್ಜೆ, ಲಾರಿಗಳಿಗೆ ಪ್ರತ್ಯೇಕವಾಗಿ 'ಇ' ದರ್ಜೆ. ಕಾರಿನ ಎಂಜಿನ್ನಿಗೂ ಲಾರಿಯ ಎಂಜಿನ್ನಿಗೂ ಇರುವ ಅಂತರ ಇಂಧನದ ಅಂತರಕ್ಕಿಂತ ದೊಡ್ಡದು ಎಂದು ಒಪ್ಪಿಕೊಂಡ ವಿಂಗಡಣೆ ಅದು. ನಮ್ಮ ಗ್ಯಾರೇಜಿನ ಜಗಳವನ್ನೂ ಹೀಗೆ ಕಾರು-ಲಾರಿ ಎಂದು ಕೇಳಿಕೊಂಡರೆ ಅರ್ಧ ಬಗೆಹರಿದಂತೆ.

ಅಳತೆ ಕಡ್ಡಿಯನ್ನು ಹೊರಗೆಳೆದು, ಹೆಬ್ಬೆರಳು-ತೋರುಬೆರಳ ನಡುವೆ ಆಯಿಲ್ ಉಜ್ಜಿ, "ಕಪ್ಪಾಗ್ಯದ, ಜೋರು ಹೋಗ್ಯದ" ಎಂದು ತೀರ್ಪು ಕೊಡುವುದು ಎಲ್ಲ ಕಡೆ ಇದೆ. ಡಿಟರ್ಜೆಂಟ್ ಇರುವ ಆಯಿಲ್ ಕಪ್ಪಾಗುವುದು ಅದು ಕೆಲಸ ಮಾಡುತ್ತಿರುವ ಲಕ್ಷಣ. ತಿಂಗಳುಗಟ್ಟಲೆ ಹೊನ್ನಿನ ಬಣ್ಣದಲ್ಲೇ ಉಳಿದರೆ ಒಳಗೆ ತೊಳೆಯುವುದು ನಡೆದಿಲ್ಲ ಎಂದೂ ಇರಬಹುದು. ಬೆರಳಿಗೆ ನಿಜವಾಗಿ ತಾಗಬೇಕಾದದ್ದು ಮರಳಿನಂಥ ಸೂಕ್ಷ್ಮ ಉಜ್ಜುವಿಕೆ. ಈ ಸೀಮೆಯಲ್ಲಿ ಎಂಜಿನ್ ಸವೆಸುವ ದೊಡ್ಡ ಶತ್ರು ಧೂಳು. ಎರಿ ಮಣ್ಣಿನ ಧೂಳು, ಸುಣ್ಣಕಲ್ಲಿನ ಪುಡಿ, ಮಿಲ್ಲಿನ ಹೊಟ್ಟು ಎಲ್ಲ ಸೇರಿ ಏರ್ ಫಿಲ್ಟರನ್ನು ತುಂಬಿಸುತ್ತವೆ. ಫಿಲ್ಟರ್ ಹರಿದಿದ್ದರೆ, ಅದರ ರಬ್ಬರ್ ಅಂಚು ಸರಿಯಾಗಿ ಕೂರದಿದ್ದರೆ ಒಳಗೆ ಹೋದ ಧೂಳನ್ನು ಸಿಐ-4 ಆಗಲಿ ಎಸ್‌ಪಿ ಆಗಲಿ ಕರಗಿಸಲಾರದು. ಆಯಿಲ್ ಯಾವುದೆಂದು ಅರ್ಧ ಗಂಟೆ ವಾದ ಮಾಡಿ ಏರ್ ಫಿಲ್ಟರನ್ನು ಬರೀ ಕೊಡವಿ ಮತ್ತೆ ಕೂರಿಸುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಇನ್ನು ತಿರುವುಮುರುವು. ಪೆಟ್ರೋಲ್ ಕಾರಿನ ಆಯಿಲನ್ನು ಡೀಸೆಲ್ ಗಾಡಿಗೆ ಹಾಕುವುದು ಇನ್ನೂ ಕೆಟ್ಟದ್ದು, ಮಸಿಯ ಹೊರೆಯನ್ನು ಅದು ಬೇಗ ಕೈಬಿಡುತ್ತದೆ. 2020ರ ನಂತರದ ಡೀಸೆಲ್ ಕಾರುಗಳಲ್ಲಿ ಮತ್ತೊಂದು ತೊಡಕಿದೆ. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಜಾಲರಿ ಇವುಗಳಲ್ಲಿ ಇದೆ. ಮಸಿಯನ್ನು ಅದು ಆಗಾಗ ಸುಟ್ಟು ಖಾಲಿ ಮಾಡಿಕೊಳ್ಳುತ್ತದೆ, ಆದರೆ ಆಯಿಲ್‌ನ ಲೋಹದ ಮದ್ದು ಉರಿದು ಉಳಿದ ಬೂದಿ ಸುಡುವುದಿಲ್ಲ, ಅಲ್ಲೇ ಕೂರುತ್ತದೆ. ಸಿಐ-4ರಲ್ಲಿ ಬೂದಿಯ ಅಂಶಕ್ಕೆ ಕಡಿವಾಣವಿಲ್ಲ, ಸಿಕೆ-4ರಲ್ಲಿ ಶೇ. 1ರ ಮಿತಿ. ಹೊಸ ಡೀಸೆಲ್ ಗಾಡಿಗೆ ಬ್ಯಾರಲ್‌ನ ಹಳೆ ದರ್ಜೆಯ ಡೀಸೆಲ್ ಆಯಿಲ್ ಸುರಿದವರು, ಡೀಸೆಲ್ಲಿಗೆ ಡೀಸೆಲ್ಲೇ ಹಾಕಿದ್ದೇವಲ್ಲ ಎಂದು ನೆಮ್ಮದಿಯಾಗಿರುವಂತಿಲ್ಲ.

ಇಳಿಸಿದ ಕರಿ ಆಯಿಲ್‌ನದ್ದೂ ಒಂದು ಮಾತು. 2016ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ, ಅದನ್ನು ಸಂಗ್ರಹಿಸಿ ಮರುಸಂಸ್ಕರಿಸುವ ಹೊಣೆಯನ್ನು 2024ರ ಏಪ್ರಿಲ್‌ನಿಂದ ತಯಾರಕರ ಮೇಲೂ ಹೊರಿಸಲಾಗಿದೆ. ಮರದ ತೊಲೆಗೆ, ಬಾಗಿಲಿಗೆ ಬಳಿಯಲು ಒಯ್ಯುವುದು, ಚರಂಡಿಗೆ ಬಿಡುವುದು ನಿಲ್ಲಬೇಕು. ಖಾಲಿ ಡಬ್ಬಿಯನ್ನೂ ಹಾಗೇ ಬಿಸಾಡಬಾರದು. ಬುಡಕ್ಕೆ ತೂತು ಹೊಡೆದು ಕೊಟ್ಟರೆ ಅದರಲ್ಲಿ ನಕಲಿ ಆಯಿಲ್ ತುಂಬಿ ಮಾರುವವರ ಕೈಗೆ ಸಿಗುವುದಿಲ್ಲ. ನಕಲಿ ಡಬ್ಬಿಯ ಮೇಲಿನ ಎಸ್‌ಪಿಗಿಂತ ಅಸಲಿ ಬಕೆಟ್ಟಿನ ಸಿಐ-4 ಎಷ್ಟೋ ವಾಸಿ.

ಕಪನೂರದ ಮಿಲ್ ಮಾಲೀಕರೊಬ್ಬರ ಬಳಿ ಎರಡು ಹಳೆ ಲಾರಿ, ಒಂದು ಟ್ರ್ಯಾಕ್ಟರ್, ಇಪ್ಪತ್ತು ವರ್ಷದ ಹಳೆಯ ಪೆಟ್ರೋಲ್ ಕಾರು, ಮಗನ ಹೊಸ ಟರ್ಬೊ ಪೆಟ್ರೋಲ್ ಕಾರು ಇವೆ ಎಂದುಕೊಳ್ಳೋಣ. ಅವರು ಬ್ಯಾರಲ್ ತರಿಸುವುದಾದರೆ ಸಿಐ-4 ಪ್ಲಸ್ ಜೊತೆಗೆ ಎಸ್‌ಎಲ್ ಬರೆದಿರುವ 15ಡಬ್ಲ್ಯೂ-40 ತರಿಸಲಿ. ಲಾರಿ, ಟ್ರ್ಯಾಕ್ಟರಿಗೆ ಅದು ಸರಿ, ಹಳೆ ಕಾರಿನ ಕೈಪಿಡಿ ಆ ಮಂದವನ್ನು ಒಪ್ಪಿದ್ದರೆ ಅದಕ್ಕೂ ಅದೇ ಆಯಿತು. ಮಗನ ಕಾರಿಗೆ ಮಾತ್ರ ಕೈಪಿಡಿ ಹೇಳಿದ ಮಂದದ, ಎಸ್‌ಪಿ ದರ್ಜೆಯ ಮೂರೂವರೆ ಲೀಟರಿನ ಸೀಲು ಒಡೆಯದ ಡಬ್ಬಿಯನ್ನು ಬೇರೆ ತಂದು, ಅದರ ಮೇಲೆ ಗಾಡಿಯ ನಂಬರ್ ಬರೆದು, ಬ್ಯಾರಲ್‌ನಿಂದ ದೂರದ ಶೆಲ್ಫಿನಲ್ಲಿ ಇಡಲಿ.